ಉಡಿಕಿಯ ಸಾಕ್ಷಿ

"ಅತ್ತಿ, ತಾರವ್ವನ ಕೊರಳಿಗೆ ಮಲ್ಲಾರಿ ಕರಿಮಣಿ ಕಟ್ಟೂದನ್ನ ನೀವು ಕಣ್ಣಾರೆ ನೋಡೀರೇನ್ರಿ?"

ಕೃಷ್ಣಾತ ವಕೀಲರು ಕನ್ನಡದಲ್ಲೇ ಕೇಳಿದರು. ದನಿ ಮೆತ್ತಗಿತ್ತು. ಕೊಲ್ಲಾಪುರದ ಕೋರ್ಟಿನ ಕಟಕಟೆಯಲ್ಲಿ ಅಲ್ಲಿಯತನಕ ನಡುಗುತ್ತ ನಿಂತಿದ್ದ ಮುದುಕಿ ನಾಗೂಬಾಯಿಗೆ ಜೀವ ಬಂದ ಹಾಗಾಯಿತು. ಮಹಾಗಾಂವದಲ್ಲಿ ತಮ್ಮ ಓಣಿಯಲ್ಲೇ ಬೆಳೆದ ಹುಡುಗ. ತಮ್ಮ ಮಾತು.

"ಇಲ್ಲೋ ಯಪ್ಪಾ. ಅದನ್ನ ಯಾರರೆ ನೋಡ್ತಾರೇನು? ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ವಿ. ಬಳಿ ಸಪ್ಪಳಾ ಕೇಳಿತು."

ವಕೀಲರು ನ್ಯಾಯಾಧೀಶರ ಕಡೆ ತಿರುಗಿದರು.

"ನಾಹೀ ಮ್ಹಣತೇ," ಅಂದರು. ಇಲ್ಲ ಅನ್ನುತ್ತಾಳೆ.

ಟೈಪಿನ ಯಂತ್ರ ಕುಟ್ಟಿತು. ಮುದುಕಿಯ ಮೊದಲ ಮಾತೊಂದೇ ಕಾಗದದ ಮೇಲೆ ಬಿತ್ತು. ಉಳಿದದ್ದು ಯಾರಿಗೂ ಬೇಡವಾಯಿತು.

ಹಿಂದಿನ ಉದ್ದ ಬಾಕಿನ ಮೇಲೆ ಕೂತಿದ್ದ ತಾರವ್ವ ಎದ್ದು ನಿಂತಳು. "ಪೂರಾ ಹೇಳ್ರಿ. ಅಕಿ ಇನ್ನೂ ಹೇಳ್ಯಾಳ." ಶಿಪಾಯಿ ತೋಳು ಹಿಡಿದು ಅವಳನ್ನು ಕೂರಿಸಿದ. ಮಗ್ಗದ ಯೂನಿಯನ್ನಿನವರು ಅವಳ ಪರವಾಗಿ ಗೊತ್ತು ಮಾಡಿದ್ದ ತರುಣ ವಕೀಲನಿಗೆ ಕನ್ನಡ ಬರುತ್ತಿರಲಿಲ್ಲ. ಏನಂದಳು ಮುದುಕಿ ಎಂದು ಅವನು ತಾರವ್ವನ ಕಡೆ ಬಗ್ಗಿ ಕೇಳುವಷ್ಟರಲ್ಲಿ ಕೃಷ್ಣಾತ ವಕೀಲರು ನನ್ನ ಪ್ರಶ್ನೆ ಮುಗಿಯಿತು ಎಂದು ಕೂತುಬಿಟ್ಟಿದ್ದರು. ನಾಗೂಬಾಯಿಯನ್ನು ಕೆಳಗಿಳಿಸಿದರು. ಇಳಿಯುವಾಗ ಅವಳು ವಕೀಲರ ತಲೆ ಸವರುವ ಹಾಗೆ ಗಾಳಿಯಲ್ಲಿ ಕೈ ಮಾಡಿ ದೃಷ್ಟಿ ತೆಗೆದಳು. ಕೋರ್ಟು ನಕ್ಕಿತು.

ಅವತ್ತು ದುಭಾಷಿ ಬಂದಿರಲಿಲ್ಲ. ಸಾಕ್ಷಿಯ ಮಾತನ್ನು ನಾನೇ ಮರಾಠಿಯಲ್ಲಿ ಹೇಳುತ್ತೇನೆ ಎಂದು ಕೃಷ್ಣಾತ ವಕೀಲರು ಮುಂದೆ ಬಂದಿದ್ದರು. ಎದುರು ಪಕ್ಷದ ವಕೀಲ ಎಂದು ಯಾರೂ ತಡೆಯಲಿಲ್ಲ. ಅಂಥವರ ಮಾತಿಗೆ ಬೇಡ ಅನ್ನುವುದು ಹೇಗೆ?

ಕುರಿ ಕಾಯುವ ಧನಗರರ ಮನೆಯಿಂದ ಕರಿಕೋಟು ಹಾಕಿದ ಮೊದಲನೆಯವರು ಅವರು. ಓದುವಾಗ ಊರಿನವರು ತಮ್ಮ ಹಟ್ಟಿಯಿಂದ ಒಂದೊಂದು ಕುರಿ ಬಿಡಿಸಿ ಕೊಟ್ಟಿದ್ದರು. ಪಾಸಾಗಿ ಬಂದ ದಿನ ಡೊಳ್ಳು ಬಡಿದು, ಭಂಡಾರ ಎರಚಿ, ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಅವರೂ ಊರು ಮರೆಯಲಿಲ್ಲ. ಬಡವರ ಜಮೀನಿನ ಕೇಸುಗಳನ್ನು ಪುಕ್ಕಟೆ ನಡೆಸಿದರು. ಗಡಹಿಂಗ್ಲಜದಲ್ಲಿ ತಾಯಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ವಸತಿಗೃಹ ಕಟ್ಟಿಸಿದರು. ವಿಧವೆಯರಿಗೆ ಹೊಲಿಗೆ ಯಂತ್ರ ಹಂಚಿದರು. ಬರುವ ವರ್ಷ ಚುನಾವಣೆಗೆ ನಿಲ್ಲುತ್ತಾರೆ ಎಂದು ಮಾತಿತ್ತು. ಅವರ ಫೋಟೋ ದೇವರ ಮಾಡದ ಪಕ್ಕದಲ್ಲಿರುವ ಮನೆಗಳು ಮಹಾಗಾಂವದಲ್ಲಿ ಬೇಕಾದಷ್ಟಿದ್ದವು. ತಾರವ್ವನ ತವರುಮನೆಯಲ್ಲೂ ಇತ್ತು.

ಆ ವಕೀಲರು ಇಚಲಕರಂಜಿಯ ಮಗ್ಗದ ಶೇಠನ ಪರವಾಗಿ ನಿಂತಿದ್ದರು.

ಮಲ್ಲಾರಿ ಆ ಶೇಠನ ಶೆಡ್ಡಿನಲ್ಲಿ ನಾಲ್ಕು ಮಗ್ಗ ಒಬ್ಬನೇ ನೋಡಿಕೊಳ್ಳುತ್ತಿದ್ದ. ತಾರವ್ವ ಅದೇ ಶೆಡ್ಡಿನ ಮೂಲೆಯಲ್ಲಿ ಕಾಂಡಿ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿಗೆ ಅಲ್ಲಿ ಕಾಂಡಿ ಅನ್ನುತ್ತಾರೆ. ದಿನವಿಡೀ ನೂಲು ಓಡಿ ಓಡಿ ತೋರುಬೆರಳು ಸೀಳುತ್ತದೆ. ಸೀಳಿದ ಕಡೆ ಮೇಣ ಹಚ್ಚಿ ಮತ್ತೆ ಸುತ್ತಬೇಕು. ಮೂಗಿನಲ್ಲಿ ಹತ್ತಿಯ ಧೂಳು. ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಮಲ್ಲಾರಿ ಮಗ್ಗಗಳ ನಡುವಿನಿಂದ ಕೈ ಎತ್ತಿ ಹೆಬ್ಬೆರಳು ಬಾಯಿಗೆ ತೋರಿಸಿದರೆ ಚಹಾದ ಹೊತ್ತು ಎಂದು ಅರ್ಥ. ಅವರ ಸಂಸಾರ ಹೆಚ್ಚಾಗಿ ಕೈಸನ್ನೆಯಲ್ಲೇ ನಡೆದಿತ್ತು.

ಮಳೆಗಾಲದಲ್ಲಿ ಶೆಡ್ಡಿನ ಗೋಡೆ ಒದ್ದೆಯಾಗಿ ಮಗ್ಗ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಕೆಲಸಗಾರರು ಹೇಳಿದರು. ಮಲ್ಲಾರಿ ಎರಡು ಸಲ ಹೇಳಿದ. ಚಪ್ಪಲಿ ಹಾಕಿಕೊಂಡು ಮುಟ್ಟು ಎಂದ ಶೇಠ. ಚಪ್ಪಲಿ ಹಾಕಿಕೊಂಡೇ ಮುಟ್ಟಿದ ದಿನ ಕರೆಂಟು ಅವನನ್ನು ಬಿಡಲಿಲ್ಲ. ತಾರವ್ವ ಕಾಂಡಿ ಬಿಟ್ಟು ಓಡಿ ಬಂದಾಗ ಮಗ್ಗ ಇನ್ನೂ ನಡೆಯುತ್ತಿತ್ತು. ಬಟ್ಟೆ ಇನ್ನೂ ಇಳಿಯುತ್ತಿತ್ತು. ಯಾರೋ ಸ್ವಿಚ್ಚು ತೆಗೆದರು. ಆಮೇಲೆ ಅವಳಿಗೆ ಬಹಳ ದಿನ ಏನೂ ಕೇಳಿಸಲಿಲ್ಲ.

ಸತ್ತ ಕೆಲಸಗಾರನ ಹೆಂಡತಿಗೆ ಕಾಯ್ದೆಯ ಪ್ರಕಾರ ಪರಿಹಾರ ಸಿಗಬೇಕು. ಶೇಠ ಕೋರ್ಟಿಗೆ ಹೇಳಿದ್ದು ಒಂದೇ ಮಾತು: ಮಲ್ಲಾರಿಗೆ ಹೆಂಡತಿ ಇರಲಿಲ್ಲ. ಈ ಹೆಂಗಸು ಹಾಲಸಿದ್ದನೆಂಬವನ ವಿಧವೆ. ಮಲ್ಲಾರಿ ಇವಳನ್ನು ಇಟ್ಟುಕೊಂಡಿದ್ದ.

ಹಾಲಸಿದ್ದ ತಾರವ್ವನ ಮೊದಲ ಗಂಡ. ಕುರಿಯ ಹಿಂದೆ ಹೋದವನು ಹಾವು ಕಡಿದು ಸತ್ತ. ಅವನ ಮುಖ ಅವಳಿಗೆ ಸರಿಯಾಗಿ ನೆನಪೂ ಇಲ್ಲ. ಆದರೆ ಶೇಠ ಹಾಗೆ ಹೇಳಿದಂದಿನಿಂದ ಕೋರ್ಟಿನ ಬಾಗಿಲಲ್ಲಿ ಶಿಪಾಯಿ ಅವಳನ್ನು ಅದೇ ಹೆಸರು ಹಿಡಿದು ಕೂಗುತ್ತಿದ್ದ. "ತಾರವ್ವಾ ಹಾಲಸಿದ್ದ ಧನಗರ, ಹಾಜರ್." ಮಹಾರಾಷ್ಟ್ರದಲ್ಲಿ ಹೆಂಗಸಿನ ಹೆಸರಿನ ಮುಂದೆ ಗಂಡನ ಹೆಸರು ಬರಬೇಕು. ಶೇಠನ ಕಡೆಯವರು ತಕರಾರು ತೆಗೆದು ಮಲ್ಲಾರಿಯ ಹೆಸರನ್ನು ಹೊಡೆಸಿಹಾಕಿದ್ದರು. ಪ್ರತಿ ಸಲ ಕೂಗಿದಾಗ ಆ ಹೆಸರಿಗೆ ಅವಳು ಎದ್ದು ನಿಲ್ಲಬೇಕಿತ್ತು. ನಿಲ್ಲದಿದ್ದರೆ ಗೈರುಹಾಜರಿ.

ಕೋರ್ಟಿನಿಂದ ಹೊರಗೆ ಬಂದ ಮೇಲೆ ನಾಗೂಬಾಯಿಗೆ ಆದದ್ದನ್ನು ತಿಳಿಸಿ ಹೇಳಬೇಕಾಯಿತು. ಮುದುಕಿ ಮಲ್ಲಾರಿಯ ಸೋದರತ್ತೆ. ಎಸ್.ಟಿ. ನಿಲ್ದಾಣದ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಬಾಯಿಗೆ ಹಾಕಿಕೊಂಡಿದ್ದಳು. ಕೇಳಿದ ಮೇಲೆ ಅಗಿಯುವುದನ್ನು ನಿಲ್ಲಿಸಿದಳು.

"ಬಳಿ ಸಪ್ಪಳದ್ದ ಹೇಳಲಿಲ್ಲಾ?"

"ಇಲ್ಲ."

"ಗ್ವಾಡಿ ಕಡೆ ಮಾರಿ ಮಾಡಿದ್ದ?"

"ಅದೂ ಇಲ್ಲ. ಇಲ್ಲ ಅಂತಾಳ ಅಂತ ಅಷ್ಟ ಹೇಳ್ಯಾರ."

ಮುದುಕಿ ಉಗುಳಿದಳು. "ಭಾಡ್ಯಾ. ಕುರಿ ಉಣ್ಣಿ ಕತ್ತರಸೂದ ಮರತ, ಮಂದಿ ಮಾತ ಕತ್ತರಸೂದ ಕಲತಾನ. ನಾ ಅವಗ ದೃಷ್ಟಿ ತಗದ ಬಂದ್ಯಲ್ಲ ಅಲ್ಲೆ."

ಉಡಿಕಿಯನ್ನು ನೋಡಬಾರದು. ವಿಧವೆಯಾದವಳಿಗೆ ಮತ್ತೆ ಗಂಡನನ್ನು ಮಾಡುವ ಪದ್ಧತಿಗೆ ಅವರಲ್ಲಿ ಉಡಿಕಿ ಅನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ, ಮಾರುತಿಯ ಗುಡಿಯ ಹಿಂದೆ ಆಗಬೇಕು. ಮುತ್ತೈದೆಯರು ಆ ಕಡೆ ಸುಳಿಯುವ ಹಾಗಿಲ್ಲ. ವಿಧವೆ ಮುದುಕಿಯರು, ಇಬ್ಬರು ಮೂವರು ಹಿರಿಯರು ಬರುತ್ತಾರೆ. ಗಂಡು ತಂದ ಹೊಸ ಸೀರೆಯನ್ನು ಹೆಣ್ಣು ಉಡುತ್ತಾಳೆ. ಅವನು ಬಳೆ ಏರಿಸುತ್ತಾನೆ, ಕರಿಮಣಿ ಕಟ್ಟುತ್ತಾನೆ. ದೀಪ ಇರುವುದಿಲ್ಲ. ಬಂದವರೆಲ್ಲ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ನೋಡಿದವರಿಗೆ ಕೇಡು ಎಂದು ನಂಬಿಕೆ. ಅಕ್ಷತೆ ಇಲ್ಲ, ಭಟ್ಟ ಇಲ್ಲ, ಊಟ ಇಲ್ಲ. ಮಾರನೆಯ ದಿನ ಅವಳು ಅವನ ಮನೆಯ ನೀರು ತರುತ್ತಾಳೆ. ಊರು ಅವಳನ್ನು ಅವನ ಹೆಂಡತಿ ಅನ್ನುತ್ತದೆ. ಅಷ್ಟೇ.

ತಾರವ್ವನಿಗೆ ಆವತ್ತೇ ಸಿಟ್ಟು ಬಂದಿತ್ತು. ತನ್ನ ಮುಖ ನೋಡಿದರೆ ಕೇಡು ಎಂದು ಹತ್ತಾರು ಬೆನ್ನು ತನಗೆ ತಿರುಗಿಸಿ ಕೂತಿದ್ದವು. ಕತ್ತಲಲ್ಲಿ ಮಲ್ಲಾರಿ ಬಳೆ ಏರಿಸುವಾಗ ಒಂದು ಬಳೆ ಒಡೆಯಿತು. "ಇದೊಂದ ಸಣ್ಣದಾತು. ನಾಳೆ ದೊಡ್ಡದ ತರ್ತೇನಿ," ಎಂದು ಪಿಸುಗುಟ್ಟಿದ. ಗೋಡೆಯ ಕಡೆಯಿಂದ ನಾಗೂಬಾಯಿ, "ಅಲ್ಲೇನ ಬಾಜಾರ ಮಾಡಾಕತ್ತೀರೇನ? ಲಗೂ ಮುಗಸ್ರಿ, ನನ್ನ ಮೊಣಕಾಲ ಹಿಡದಾವು," ಅಂದಿದ್ದಳು. ಬೆನ್ನುಗಳೆಲ್ಲ ನಕ್ಕು ಅಲುಗಿದ್ದವು. ಮಲ್ಲಾರಿಯೂ ನಕ್ಕಿದ್ದ.

ಕಂಡೀರಾ ಎಂದು ಕೇಳಿದರೆ ಅವರಲ್ಲಿ ಯಾರೇ ಆಗಲಿ ಇಲ್ಲ ಅನ್ನಬೇಕು. ಕಂಡೆ ಎಂದರೆ ಕುಲ ಕೆಡಿಸಿದ ಹಾಗೆ. ಕೃಷ್ಣಾತ ವಕೀಲರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದರು.

ಬಸ್ಸಿನಲ್ಲಿ ನಾಗೂಬಾಯಿ ಇನ್ನೊಂದು ಮಾತು ಹೇಳಿದಳು.

"ಈ ವಕೀಲನ ಅವ್ವ ಗಂಗುಬಾಯಿದೂ ಉಡಿಕಿನ. ಅಕಿ ಮೊದಲನೇ ಗಂಡ ಪಟಕಿ ಬ್ಯಾನಿಯೊಳಗ ಸತ್ತಾ. ಆಮ್ಯಾಲ ಕಾಡಪ್ಪನ ಕೂಡ ಆತು. ಈ ಕೃಷ್ಣಾತ ಕಾಡಪ್ಪನ ಮಗಾ. ಅವತ್ತೂ ನಾನ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದೆ. ಆಗ ಮೊಣಕಾಲ ಚೊಲೋ ಇದ್ದೂ."

ತರುಣ ವಕೀಲನಿಗೆ ತಾರವ್ವ ಉಡಿಕಿಯ ಪದ್ಧತಿಯನ್ನು ತನಗೆ ಬರುವ ಮರಾಠಿಯಲ್ಲಿ ವಿವರಿಸಿದಳು. ತಾಯಿಯ ವಿಷಯ ಹೇಳಲಿಲ್ಲ. ಅವನು ತಲೆ ಹಿಡಿದುಕೊಂಡ. ಮುದುಕಿಯ ಸಾಕ್ಷಿ ಮುಗಿದುಹೋಯಿತು, ಮುಂದಿನ ತಾರೀಖಿಗೆ ನಿಮ್ಮ ಸಾಕ್ಷಿ ಇದೆ, ಅಲ್ಲಿ ನೀವೇ ಹೇಳಬೇಕು, ದುಭಾಷಿ ಬರುವ ಹಾಗೆ ನೋಡುತ್ತೇನೆ ಎಂದ.

ಅಷ್ಟರಲ್ಲಿ ಗಡಹಿಂಗ್ಲಜದಿಂದ ಕರೆ ಬಂತು. ವಸತಿಗೃಹಕ್ಕೆ ಬಂದು ಹೋಗಬೇಕಂತೆ. ವಕೀಲಸಾಹೇಬರು ಹೇಳಿದ್ದಾರಂತೆ. ಕಾಂಡಿ ಸುತ್ತುವ ಹೆಂಗಸರು ಹೋಗು ಅಂದರು. "ದೇವರಂಥಾ ಮನಷ್ಯಾ. ಏನರೆ ಹಾದಿ ಮಾಡಿ ಕೊಡ್ತಾನ." ಚೆನ್ನವ್ವ ಎಂಬವಳು ಮಾತ್ರ, "ದೇವರ ಕರದ್ರ ಕಾಯಿ ತಗೊಂಡ ಹೋಗಬೇಕ ನೋಡ. ನಿನ್ನ ಕೈಯಾಗ ಏನೈತಿ ಒಡ್ಯಾಕ?" ಎಂದು ಕೆಣಕಿದಳು.

ತಾರವ್ವ ಹೋದಳು.

ವಸತಿಗೃಹ ದೊಡ್ಡದಾಗಿತ್ತು. ಒಳಗೆ ಹುಡುಗಿಯರು ಒಟ್ಟಾಗಿ ಪಾಠ ಒಪ್ಪಿಸುತ್ತಿದ್ದರು. ಎಣ್ಣೆ ಹಚ್ಚಿ ಬಿಗಿದ ಜಡೆ, ತೊಳೆದ ಲಂಗ. ಕುರಿಯ ಹಿಂದೆ ಹೋಗಬೇಕಾಗಿದ್ದ ಹುಡುಗಿಯರು ಅವರು. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಊರಿನ ಮಾತು ಸುಳ್ಳಾಗಿರಲಿಲ್ಲ. ಆ ಮನುಷ್ಯ ಇದನ್ನು ನಿಜವಾಗಿ ಕಟ್ಟಿಸಿದ್ದ.

ಕೃಷ್ಣಾತ ವಕೀಲರು ಕುರ್ಚಿ ತೋರಿಸಿದರು. ಅವಳು ನಿಂತೇ ಇದ್ದಳು.

"ಕುಂಡ್ರ ತಂಗಿ. ಇದು ಕೋರ್ಟ ಅಲ್ಲ."

"ಹೇಳ್ರಿ ಅಣ್ಣಾ."

"ಇಲ್ಲೆ ಅಡಗಿ ಮಾಡೂ ಬಾಯಿ ಬಿಟ್ಟ ಹೋಗ್ಯಾಳ. ನೀ ಬಂದ ಇರು. ಹಿಂದ ಖೋಲಿ ಐತಿ. ಊಟಾ ಇಲ್ಲೇ. ಕಾಂಡಿ ಸುತ್ತಿ ಎಷ್ಟ ದಿವಸ ಬಾಳ್ವಿ ಮಾಡ್ತಿ? ಹೊಲಿಗಿ ಮಶೀನ್ನೂ ಕೊಡಸ್ತೇನಿ. ಒಂದ ಅರ್ಜಿಗೆ ಸಹಿ ಮಾಡಿದ್ರ ಮುಗೀತು."

"ಏನಂತ?"

"ನಿರಾಧಾರ ಅಂತ. ಸಂಸ್ಥೆಯ ನಿಯಮ ಹಂಗ ಐತಿ. ಗಂಡ ಹಾಲಸಿದ್ದ ತೀರಿಕೊಂಡಾನ, ಬ್ಯಾರೆ ಯಾರೂ ಇಲ್ಲ ಅಂತ."

ತಾರವ್ವ ತನ್ನ ಕೈ ನೋಡಿಕೊಂಡಳು. ತೋರುಬೆರಳ ಸೀಳಿನಲ್ಲಿ ಮೇಣ ಕಪ್ಪಾಗಿತ್ತು. ಈ ಕೈಗೆ ಒಲೆಯ ಕೆಲಸ ಸುಖವೇ ಆಗುತ್ತಿತ್ತು.

"ಕೇಸು?"

"ಅದು ತಾನ ಬಿದ್ದ ಹೋಗ್ತೈತಿ. ನೀ ತಾರೀಖಿಗೆ ಬರದಿದ್ರ ಆತು." ವಕೀಲರು ಮೇಲಿನ ತಗಡಿನ ಚಾವಣಿ ನೋಡಿದರು. "ಈ ಮಾಡ ನೋಡ. ಇದರ ಪತ್ರಾ ಶೇಠ ಕೊಟ್ಟದ್ದು. ಹುಡಿಗ್ಯಾರ ಮಲಗೂ ಮಂಚಾ ಅವನ ಭಾವ ಕೊಟ್ಟದ್ದು. ನಾ ಅವರನ್ನ ಕೈಬಿಟ್ರ ಮಳಿಗಾಲದಾಗ ಈ ಮಕ್ಕಳೆಲ್ಲಾ ನೆನೀತಾವ. ಒಬ್ಬಾಕಿ ಕೇಸು ಒಂದ ಕಡೆ, ಇಷ್ಟ ಮಂದಿ ಹೆಣ್ಣಮಕ್ಕಳು ಒಂದ ಕಡೆ. ನೀನ ನನ್ನ ಜಾಗಾದಾಗ ಇದ್ರ ಏನ ಮಾಡ್ತಿದ್ದಿ ಹೇಳ."

ಅವರು ಮನಸ್ಸಿನಿಂದಲೇ ಕೇಳುತ್ತಿದ್ದರು. ಅದೇ ಅವಳಿಗೆ ಹೆಚ್ಚು ಉರಿಯಿತು. ಮಲ್ಲಾರಿಯನ್ನು ಸುಟ್ಟ ಶೆಡ್ಡಿನ ದುಡಿಮೆ ಇಲ್ಲಿ ತಲೆಯ ಮೇಲೆ ಚಾವಣಿಯಾಗಿ ಕೂತಿತ್ತು. ಅದರ ಕೆಳಗೆ ನಿಂತು ಅವಳು ಅವನ ಹೆಸರು ಬಿಡಬೇಕಿತ್ತು. ಹುಡುಗಿಯರು ನೆನೆಯದೆ ಇರಲು ತಾನು ಸೂಳೆ ಅನ್ನಿಸಿಕೊಳ್ಳಬೇಕಿತ್ತು. ಆಮೇಲೆ ಅವರಿಗೆ ರೊಟ್ಟಿ ಬಡಿದು ಹಾಕಬೇಕಿತ್ತು.

ಬಾಗಿಲ ಮೇಲೆ ಫಲಕ ಇತ್ತು. ಮಹಾಗಾಂವದಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಅವಳು ನಾಲ್ಕನೆಯ ಇಯತ್ತೆಯತನಕ ಕಲಿತಿದ್ದಳು. ಕೂಡಿಸಿ ಕೂಡಿಸಿ ಓದಿದಳು. ಗಂಗುಬಾಯಿ ಕಾಡಪ್ಪ ಧನಗರ ಕನ್ಯಾ ವಸತಿಗೃಹ.

"ನಿಮ್ಮ ಅವ್ವನ ಹೆಸರಿನ ಮುಂದ ಕಾಡಪ್ಪನ ಹೆಸರು ಬರಸೀರಿ."

"ಹೌದು. ನಮ್ಮಪ್ಪ."

"ಅವ ಕರಿಮಣಿ ಕಟ್ಟೂದನ್ನ ಯಾರ ನೋಡಿದ್ರರಿ, ವಕೀಲ್ರ?"

ಒಳಗೆ ಹುಡುಗಿಯರು ಪಾಠ ಹೇಳುತ್ತಲೇ ಇದ್ದರು. ವಕೀಲರ ಮುಖದಲ್ಲಿ ರಕ್ತ ಏರಿತು, ಇಳಿಯಿತು. ಅವಳು ಅಣ್ಣಾ ಅನ್ನುವುದನ್ನು ಬಿಟ್ಟದ್ದು ಅವರಿಗೆ ಗೊತ್ತಾಯಿತು.

"ಆ ನಾಗೂಬಾಯಿ ಹೇಳ್ಯಾಳ," ಎಂದರು ಕೊನೆಗೆ. "ಕೇಳ ತಾರವ್ವಾ. ನನ್ನ ಅವ್ವ ಹೊಲದಾಗ ಬಿದ್ದ ಕಾಳ ಆರಿಸಿ ನನ್ನ ಓದಿಸ್ಯಾಳ. ಅಕಿ ಹೆಸರ ಕೋರ್ಟಿನಾಗ ತಗದಿ ಅಂದ್ರ ನಾ ನಿನ್ನ ಬಿಡೂದಿಲ್ಲ. ಕಟಕಟೆಯೊಳಗ ನಿನಗ ನಿಲ್ಲಾಕ ಆಗಬಾರದು, ಹಂಗ ಪ್ರಶ್ನೆ ಕೇಳ್ತೇನಿ."

"ನಿಮ್ಮ ಅವ್ವನ ಹೆಸರ ತಗೊಂಡ ನಾ ಏನ ಮಾಡ್ಲಿ? ನನಗ ನನ್ನ ಗಂಡನ ಹೆಸರು ಸಾಕು."

"ಅರ್ಜಿ ಇಲ್ಲೇ ಐತಿ. ಇಚಾರ ಮಾಡು."

"ಮಾಡೇನಿ. ನಾ ನಿರಾಧಾರ ಅಲ್ಲ. ನಿಮ್ಮ ಶೇಠ ನನ್ನ ಆಧಾರಾ ಸುಟ್ಟಾನ. ಅದನ್ನ ಬರಕೊಂಡ ಬರ್ರಿ, ಸಹಿ ಮಾಡ್ತೇನಿ."

ಅಡುಗೆಮನೆಯಿಂದ ಹುರುಳಿಕಾಳು ಬೇಯುವ ವಾಸನೆ ಬರುತ್ತಿತ್ತು. ಬೆಳಿಗ್ಗೆಯಿಂದ ಅವಳು ಉಂಡಿರಲಿಲ್ಲ. ಉಂಡು ಹೋಗು ಎಂದು ಒಬ್ಬ ಹುಡುಗಿ ಬಂದು ಕರೆದಳು. ಹುಡುಗಿಯ ಗಲ್ಲ ಮುಟ್ಟಿ ತಾರವ್ವ ಹೊರಗೆ ನಡೆದಳು.

ತಾರೀಖಿನ ದಿನ ಶೆಡ್ಡಿನ ಹೆಂಗಸರಲ್ಲಿ ಚೆನ್ನವ್ವ ಒಬ್ಬಳು ಜೊತೆಗೆ ಬಂದಳು. ನಾಗೂಬಾಯಿ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ಶಿಪಾಯಿ ಬಾಗಿಲಲ್ಲಿ ಕೂಗಿದ.

"ತಾರವ್ವಾ ಹಾಲಸಿದ್ದ ಧನಗರ, ಹಾಜರ್."

ತಾರವ್ವ ಬಾಕಿನಿಂದ ಏಳಲಿಲ್ಲ. ಶಿಪಾಯಿ ಮತ್ತೆ ಕೂಗಿದ. ತರುಣ ವಕೀಲ ಗಾಬರಿಯಾಗಿ ಕೈ ಮಾಡಿದ. ಅವಳು ಕೂತೇ ಇದ್ದಳು. ಮೂರನೆಯ ಸಲಕ್ಕೆ ನ್ಯಾಯಾಧೀಶರು ಕನ್ನಡಕ ತೆಗೆದರು. ಆ ಹೆಂಗಸು ಅಲ್ಲೇ ಕೂತಿದ್ದಾಳಲ್ಲ, ಯಾಕೆ ಏಳುವುದಿಲ್ಲ ಎಂದರು.

ತಾರವ್ವ ಆಗ ಎದ್ದಳು. ಮರಾಠಿಯಲ್ಲಿ ಹೇಳಿದಳು. ಶೆಡ್ಡಿನ ಮರಾಠಿ, ಒರಟು. ಗದ್ದಲದ ಮೇಲೆ ಕೂಗಿ ಕೂಗಿ ಕಲಿತದ್ದು.

"ಅದು ನನ್ನ ಹೆಸರಲ್ಲ ಸಾಹೇಬ. ನಾನು ತಾರವ್ವ ಮಲ್ಲಾರಿ ಧನಗರ."

ಕೃಷ್ಣಾತ ವಕೀಲರು ತಕರಾರು ಎತ್ತಿದರು. ಹೆಸರಿನ ಮಾತು ಆಮೇಲೆ, ಮೊದಲು ಮೇಲೆ ಬಾ ಎಂದರು ನ್ಯಾಯಾಧೀಶರು. ಅವಳು ಕಟಕಟೆ ಹತ್ತಿದಳು. ದುಭಾಷಿ ಅವತ್ತೂ ಬಂದಿರಲಿಲ್ಲ. ಆಣೆ ಮಾಡಿಸಿದರು. ತರುಣ ವಕೀಲ ಕೇಳುವುದನ್ನು ಕೇಳಿ ಕೂತ. ಆಮೇಲೆ ಕೃಷ್ಣಾತ ವಕೀಲರು ಎದ್ದರು. ಮೊದಲು ಅವಳ ನಡತೆಯ ಮೇಲೆ ಕೇಳಿದರು. ಮಲ್ಲಾರಿಯ ಖೋಲಿಗೆ ಯಾವಾಗ ಬಂದೆ, ಅದಕ್ಕೆ ಮೊದಲು ಎಲ್ಲಿ ಮಲಗುತ್ತಿದ್ದೆ, ಶೆಡ್ಡಿನಲ್ಲಿ ಬೇರೆ ಯಾರ ಸ್ನೇಹವಿತ್ತು. ಕೋರ್ಟಿನ ಗಂಡಸರು ಬಾಕಿನ ಮೇಲೆ ಮುಂದಕ್ಕೆ ಬಾಗಿದರು. ಅವಳು ಕಟಕಟೆಯ ಕಂಬಿ ಹಿಡಿದುಕೊಂಡಳು. ಒಂದೊಂದಕ್ಕೂ ಉತ್ತರ ಕೊಟ್ಟಳು.

ಆಮೇಲೆ ಅವರು ಕನ್ನಡಕ್ಕೆ ಇಳಿದರು. ದನಿಯೂ ಇಳಿಯಿತು.

"ತಂಗಿ ತಾರವ್ವಾ, ಕರಿಮಣಿ ಕಟ್ಟಿದ್ದನ್ನ ಯಾರರೆ ನೋಡ್ಯಾರೇನು?"

"ಮಲಾ ಮರಾಠೀತ ವಿಚಾರಾ," ಅಂದಳು ತಾರವ್ವ. ನನ್ನನ್ನು ಮರಾಠಿಯಲ್ಲಿ ಕೇಳಿ.

ಮನೆಯ ಮಾತನ್ನು ಅವನ ಬಾಯಿಂದ ಕೇಳಲು ಅವಳಿಗೆ ಅಸಹ್ಯವಾಗಿತ್ತು. ಅವ್ವ ಜೋಗುಳ ಹಾಡಿದ ಮಾತು. ಕತ್ತಲಲ್ಲಿ ಮಲ್ಲಾರಿ ಪಿಸುಗುಟ್ಟಿದ ಮಾತು. ಅದನ್ನು ಈ ಮನುಷ್ಯ ಕತ್ತರಿ ಮಾಡಿಕೊಂಡಿದ್ದ.

ನ್ಯಾಯಾಧೀಶರು ಆಗಲಿ ಎಂದು ತಲೆ ಆಡಿಸಿದರು. ವಕೀಲರು ಅದೇ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಬೇಕಾಯಿತು.

"ಯಾರೂ ನೋಡಿಲ್ಲ," ಅಂದಳು ಅವಳು ಮರಾಠಿಯಲ್ಲೇ. "ನಮ್ಮಲ್ಲಿ ಉಡಿಕಿ ಅಂತ ಮಾಡುತ್ತಾರೆ. ವಿಧವೆಗೆ ಎರಡನೆಯ ಲಗ್ನ. ಕತ್ತಲಲ್ಲಿ ಆಗುತ್ತದೆ. ಬಂದವರು ಗೋಡೆ ನೋಡಿಕೊಂಡು ಕೂರಬೇಕು. ನೋಡಿದರೆ ಕೇಡು. ಇವರು ನೋಡಿದಿರಾ ಎಂದು ಕೇಳಿದ್ದು ಅದಕ್ಕೇ ಸಾಹೇಬ. ನಾಗೂಬಾಯಿ ಅವತ್ತು ಇದನ್ನೆಲ್ಲ ಹೇಳಿದಳು. ಗೋಡೆ ನೋಡಿಕೊಂಡು ಕೂತಿದ್ದೆವು, ಬಳೆಯ ಸಪ್ಪಳ ಕೇಳಿತು ಅಂದಳು. ಇವರು ನಿಮಗೆ ಇಲ್ಲ ಅನ್ನುವುದೊಂದನ್ನೇ ಕೊಟ್ಟರು. ಉಳಿದದ್ದನ್ನು ನುಂಗಿದರು."

ತರುಣ ವಕೀಲ ಎದ್ದು ನಿಂತಿದ್ದ. ಕೃಷ್ಣಾತ ವಕೀಲರು, ಇದು ಕಟ್ಟುಕತೆ ಎಂದರು. ಸಾಕ್ಷಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವರನ್ನು ನೋಡಿದರು.

"ವಕೀಲಸಾಹೇಬ, ನೀವು ಅದೇ ಊರಿನವರು. ಅದೇ ಸಮಾಜದವರು. ಇಂಥ ಪದ್ಧತಿ ಇದೆಯೋ ಇಲ್ಲವೋ?"

ಬಾಕಿನ ಮೇಲೆ ನಾಗೂಬಾಯಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಕೃಷ್ಣಾತ ವಕೀಲರು ತಾರವ್ವನ ಕಡೆ ನೋಡಿದರು. ತಾಯಿಯ ಹೆಸರು ಈಗ ಬರುತ್ತದೆ ಎಂದು ಕಾಯುವವರ ಹಾಗೆ ನೋಡಿದರು. ಅವಳು ಬಾಯಿ ತೆರೆಯಲಿಲ್ಲ. ಆ ಹೆಸರನ್ನು ಹೇಳುವುದಾದರೆ ಅವರೇ ಹೇಳಬೇಕು. ಇದೆ ಅಂದರೆ ಶೇಠನ ಕೇಸು ಹೋಗುತ್ತದೆ. ಇಲ್ಲ ಅಂದರೆ ಅವರ ಅವ್ವನ ಲಗ್ನವೇ ಸುಳ್ಳಾಗುತ್ತದೆ.

ಅವರು ಕಾಗದ ಸರಿಮಾಡಿದರು.

"ನ್ಯಾಯಾಧೀಶ ಮಹಾರಾಜ, ನಾನು ವಕೀಲ. ಸಾಕ್ಷಿ ಅಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಜಾಗ ನನ್ನದಲ್ಲ."

ತಾರವ್ವ ಕಂಬಿ ಬಿಟ್ಟಳು. ಯಾರೂ ಇಳಿ ಅನ್ನುವ ಮೊದಲೇ ಕಟಕಟೆಯಿಂದ ಕೆಳಗೆ ಇಳಿದಳು. ಅದರ ಗಿಡ್ಡ ಬಾಗಿಲನ್ನು ಪೂರ್ತಿ ತೆರೆದು ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿದು ನಿಂತಳು.

"ಜಾಗಾ ಖಾಲಿ ಮಾಡೇನ್ರಿ," ಅಂದಳು, ಈ ಸಲ ಕನ್ನಡದಲ್ಲಿ. "ಬರ್ರಿ, ಹತ್ರಿ."